ಶೇಕಡಾ 15 ಅಂದ್ರೆ ಮೂರು ಮಕ್ಕಳು

ನಮ್ಮಕ್ಕ ಉತ್ತರ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಲ್ಲಿ ಗಣಿತದ ಮೇಡಂ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಅವಳಿಗೊಂದು ನೋಟೀಸ್ ಬಂತು. ಹಿಂದಿನ ವರ್ಷ ಗಣಿತದಲ್ಲಿ ಶೇ. 80 ಇದ್ದದ್ದು ಶೇ. 65ಕ್ಕೆ ಇಳಿದಿದೆ, ಕಾರಣ ಕೊಡಿ ಅಂತ. ಎರಡು ವರ್ಷವೂ ಹತ್ತನೇ ಕ್ಲಾಸಲ್ಲಿ ಇದ್ದದ್ದೇ 20 ಮಕ್ಕಳು. ಅಂದ್ರೆ 16 ಜನ ಪಾಸಾದ ಕಡೆ 13 ಜನ ಪಾಸಾಗಿದ್ದಾರೆ, ಅಷ್ಟೇ.

"ಏನಂತ ಬರೀಲೋ?" ಅಂತ ಫೋನಲ್ಲಿ ಕೇಳಿದಳು. ನಾನು ಇಂಜಿನಿಯರ್ ಅಲ್ವಾ, ಕಂಪ್ಯೂಟರ್ ಮುಂದೆ ಕೂತೆ. ಪ್ರತಿ ಮಗು ಪಾಸಾಗೋ ಸಾಧ್ಯತೆ ಎರಡು ವರ್ಷವೂ ಶೇ. 72 ಅಂತಲೇ ಇಟ್ಟುಕೊಂಡು, ಪಾಠ, ಮೇಡಂ ಯಾವುದೂ ಬದಲಾಗಿಲ್ಲ ಅಂದುಕೊಂಡು, ಹತ್ತು ಸಾವಿರ ಸಲ ಓಡಿಸಿ ನೋಡಿದೆ. ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಬಾರಿ ಫಲಿತಾಂಶ ಮೂರು ಮಕ್ಕಳಷ್ಟೋ ಅದಕ್ಕಿಂತ ಜಾಸ್ತಿಯೋ ಮೇಲೆ ಕೆಳಗೆ ಆಯ್ತು. ಮೇಲೆ ಹೋದ ವರ್ಷ ಶಾಲು ಹೊದಿಸ್ತಾರೆ, ಕೆಳಗೆ ಬಂದ ವರ್ಷ ನೋಟೀಸ್ ಕೊಡ್ತಾರೆ!

ಇದನ್ನೇ ಜೀವಮಾನವಿಡೀ ಹೇಳಿದ ಒಬ್ಬ ಮನುಷ್ಯ ಇದ್ದರು: ಹಾರ್ವಿ ಗೋಲ್ಡ್‌ಸ್ಟೀನ್, ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ. 1939ರಲ್ಲಿ ಹುಟ್ಟಿ, 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್‌ನಲ್ಲಿ ಹಲವು ದಶಕ, ಆಮೇಲೆ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. ಒಂದೇ ಕ್ಲಾಸಿನ ಮಕ್ಕಳು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಬಿಡಿ ಅಂಕಿಗಳಲ್ಲ, ಒಂದೇ ಮೇಷ್ಟ್ರು, ಒಂದೇ ಊರು ಹಂಚಿಕೊಂಡವರು. ಮಗು ಕ್ಲಾಸಿನೊಳಗೆ, ಕ್ಲಾಸು ಶಾಲೆಯೊಳಗೆ, ಹೀಗೆ ಹಂತ ಹಂತವಾಗಿ ಲೆಕ್ಕ ಹಾಕೋ ಮಲ್ಟಿಲೆವೆಲ್ ಮಾಡೆಲ್‌ಗಳನ್ನ ಬೆಳೆಸಿದವರಲ್ಲಿ ಅವರು ಪ್ರಮುಖರು. ಎಂಎಲ್‌ವಿನ್ ಅನ್ನೋ ಸಾಫ್ಟ್‌ವೇರ್ ಕೂಡ ಅವರ ತಂಡದ್ದೇ. ಈ ಲೆಕ್ಕದಲ್ಲಿ ಹತ್ತೇ ಮಕ್ಕಳಿರೋ ಶಾಲೆ ನೂರಕ್ಕೆ ನೂರು ತೆಗೆದರೂ ಸೊನ್ನೆ ತೆಗೆದರೂ ಅದನ್ನ ಪೂರ್ತಿ ನಂಬಲ್ಲ, ಒಟ್ಟು ಸರಾಸರಿ ಕಡೆಗೆ ಎಳೆದು ನೋಡುತ್ತೆ. ನಮ್ಮಜ್ಜಿ ಯಾವುದೇ ಸುದ್ದಿ ಕೇಳಿದರೂ "ನೋಡೋಣ ತಡಿ" ಅಂತಿದ್ದರಲ್ಲ, ಥೇಟ್ ಹಾಗೆ :)

ಇಂಗ್ಲೆಂಡಲ್ಲಿ 1992ರಿಂದ ಹೈಸ್ಕೂಲುಗಳ ಫಲಿತಾಂಶವನ್ನ ಸರ್ಕಾರ ಪಟ್ಟಿ ಮಾಡಿ ಪ್ರಕಟಿಸೋಕೆ ಶುರು ಮಾಡಿತು. ಪತ್ರಿಕೆಗಳು ಅದನ್ನ ರ್‍ಯಾಂಕ್ ಪಟ್ಟಿ ಮಾಡಿ ಅಚ್ಚು ಹಾಕಿದವು. 1996ರಲ್ಲಿ ಗೋಲ್ಡ್‌ಸ್ಟೀನ್ ಮತ್ತು ಡೇವಿಡ್ ಸ್ಪೀಗಲ್‌ಹಾಲ್ಟರ್ ಸೇರಿ ಬರೆದ ಪ್ರಬಂಧದ ಸಾರ ಇಷ್ಟು: ಮಕ್ಕಳು ಎಲ್ಲಿಂದ ಕಲಿಕೆ ಶುರು ಮಾಡಿದರು ಅನ್ನೋದನ್ನ ಲೆಕ್ಕಕ್ಕೆ ತಗೊಂಡು, ಪ್ರತಿ ಶಾಲೆಯ ಅಂಕಿಗೂ ಅದರ ಅನಿಶ್ಚಿತತೆಯ ಗೆರೆ ಎಳೆದರೆ, ಬಹುಪಾಲು ಶಾಲೆಗಳಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಅಂತ ಹೇಳೋಕೇ ಆಗಲ್ಲ. 2009ರಲ್ಲಿ ಜಾರ್ಜ್ ಲೆಕ್ಕಿ ಜೊತೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಪ್ಪ ಅಮ್ಮ ಇವತ್ತಿನ ಪಟ್ಟಿ ನೋಡಿ ಶಾಲೆ ಆರಿಸ್ತಾರೆ, ಮಗು ಪರೀಕ್ಷೆ ಬರೆಯೋದು ಎಷ್ಟೋ ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ಆ ಪಟ್ಟಿಯಿಂದ ಭವಿಷ್ಯ ಹೇಳೋದು ಹೆಚ್ಚುಕಡಿಮೆ ಗಿಣಿಶಾಸ್ತ್ರ (ಈ ಪದ ನನ್ನದು, ಅವರದಲ್ಲ). ವೇಲ್ಸ್ 2001ರಲ್ಲೇ ಇಂಥ ಪಟ್ಟಿ ನಿಲ್ಲಿಸಿತು. ಇಂಗ್ಲೆಂಡ್ ನಿಲ್ಲಿಸಲಿಲ್ಲ.

ಅಂಕಿಅಂಶವೇ ಬೇಡ ಅಂತ ಗೋಲ್ಡ್‌ಸ್ಟೀನ್ ಹೇಳಲಿಲ್ಲ ಅನ್ನೋದು ನಂಗೆ ಮುಖ್ಯ ಅನ್ಸುತ್ತೆ. ಎಲ್ಲಿ ಹೋಗಿ ವಿಚಾರಿಸಬೇಕು ಅಂತ ತಿಳಿಯೋಕೆ ಬಳಸಿ, ತೀರ್ಪು ಕೊಡೋಕೆ ಬಳಸಬೇಡಿ ಅನ್ನೋದು ಅವರ ವಾದ. ನಮ್ಮಲ್ಲಿ ಪ್ರತಿ ವರ್ಷ ಜಿಲ್ಲೆಗಳ ರ್‍ಯಾಂಕ್ ಬರುತ್ತಲ್ಲ, 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಜಿಲ್ಲೆಗೆ ಸಾವಿರಾರು ಮಕ್ಕಳಿರೋದರಿಂದ ಆ ಅಂತರ ಬರೀ ಅದೃಷ್ಟದ ಆಟ ಅಲ್ಲ, ನಿಜವಾದ ಅಂತರವೇ. ಆದರೆ ಅದು ಆ ಜಿಲ್ಲೆಯ ಮೇಷ್ಟ್ರುಗಳ ಮಾರ್ಕ್ಸ್ ಕಾರ್ಡ್ ಅಲ್ಲ. ಒಂದನೇ ಕ್ಲಾಸಿಗೆ ಬಂದಾಗಲೇ ಇದ್ದ ಅಂತರ ಎಷ್ಟು, ಶಾಲೆ ಸೇರಿಸಿದ್ದೆಷ್ಟು, ಕಳೆದದ್ದೆಷ್ಟು? ರ್‍ಯಾಂಕ್ ಪಟ್ಟಿ ಅದನ್ನ ಹೇಳಲ್ಲ.

ನಮ್ಮ ಆಫೀಸಲ್ಲಿ ಸ್ಟಾಟಿಸ್ಟಿಕ್ಸ್ ಎಮ್ಮೆಸ್ಸಿ ಮಾಡಿದ ಹುಡುಗಿಯೊಬ್ಬಳಿದ್ದಾಳೆ, ಬುದ್ಧಿವಂತೆ. ಹಸಿರು ಬಟನ್ ಜಾಸ್ತಿ ಒತ್ತುತ್ತಾರೋ ನೀಲಿ ಬಟನ್ನೋ ಅಂತ ಲೆಕ್ಕ ಹಾಕೋದು ಅವಳ ಕೆಲಸ. ಎಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ತೋರಿಸದೆ ಅಲ್ಲಿ ಮೀಟಿಂಗೇ ಮುಗಿಯಲ್ಲ. ಬಟನ್ನಿಗೆ ಸಿಗೋ ಈ ಮರ್ಯಾದೆ ಹಳ್ಳಿ ಮೇಡಂಗೆ ಯಾಕಿಲ್ಲ? ಸಂಬಳ ಅಲ್ಲಿದೆ ಅಂತ ಅವಳು ಅಲ್ಲಿದ್ದಾಳೆ, ನಾನೂ ಅದಕ್ಕೇ ಇಲ್ಲಿದ್ದೀನಿ. ಬೈಯೋ ಹಕ್ಕು ನಂಗಿಲ್ಲ. ಆದರೂ ಪ್ರತಿ ಜಿಲ್ಲೆಗೆ ಇಂಥವರು ಒಬ್ಬೊಬ್ಬರು ಸಿಕ್ಕಿದ್ದರೆ ಅಂತ ಹೊಟ್ಟೆಕಿಚ್ಚಾಗುತ್ತೆ.

ನಾನು ಗ್ರಾಫ್ ಕಳಿಸಿದೆ. "ಚೆನ್ನಾಗಿದೆ ಕಣೋ, ಆದ್ರೆ ನಮೂನೆಯಲ್ಲಿ ಕಾರಣ ಬರೆಯೋಕೆ ಒಂದೇ ಸಾಲು ಜಾಗ ಇರೋದು" ಅಂದಳು ಅಕ್ಕ. ಫೇಲಾದ ಏಳು ಮಕ್ಕಳ ಹೆಸರನ್ನ ಆ ಸಾಲಲ್ಲಿ ಸಣ್ಣಕ್ಷರದಲ್ಲಿ ಬರೆದು ಕೊಟ್ಟಳಂತೆ. ಅದರಲ್ಲಿ ಇಬ್ಬರು ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಜನವರಿಗೆ ವಾಪಸ್ ಬಂದವರು. ಎರಡನೇ ಪರೀಕ್ಷೆಗೆ ಅಂತ ದಿನಾ ಮನೆಗೆ ಕರೆಸಿಕೊಂಡು ಪಾಠ ಹೇಳಿದಳು, ನಾಲ್ಕು ಜನ ಪಾಸಾದರು. ಆ ನೋಟೀಸಲ್ಲಿ ಇನ್ನೂ 65 ಅಂತಲೇ ಇದೆ.