ಪ್ರಶಸ್ತಿಯೋ, ಸಾಕ್ಷ್ಯವೋ: ಓದತಕ್ಕ ಮೋಟಾರ್‌ಸೈಕಲ್ ಪತ್ರಿಕೆಯ ಆಯ್ಕೆ

ಶಾಸನಗಳನ್ನು ಆಕರವಾಗಿ ಬಳಸುವವರು ಅದರ ಪ್ರಶಸ್ತಿಭಾಗವನ್ನೂ ದತ್ತಿಭಾಗವನ್ನೂ ಒಂದೇ ಪ್ರಮಾಣದಲ್ಲಿ ನಂಬುವುದಿಲ್ಲ. ಪ್ರಶಸ್ತಿಯಲ್ಲಿ ಪ್ರತಿಯೊಬ್ಬ ಅರಸನೂ ಅಪ್ರತಿಮ ವೀರ, ಪ್ರತಿಯೊಬ್ಬ ದಂಡನಾಯಕನೂ ವೈರಿಕುಲಕ್ಕೆ ಕಾಲಾಗ್ನಿ. ಆ ಸಾಲುಗಳನ್ನು ದಾಟಿದ ಮೇಲೆ ಬರುವ ತಿಥಿ, ಬಿಟ್ಟುಕೊಟ್ಟ ಭೂಮಿಯ ಮತ್ತರುಗಳ ಲೆಕ್ಕ, ಎಲ್ಲೆಗಳ ವಿವರ, ಸಾಕ್ಷಿಗಳ ಹೆಸರು ಇವುಗಳಲ್ಲಿಯೇ ಇತಿಹಾಸಕ್ಕೆ ಗಟ್ಟಿಯಾದ ಆಧಾರ ದೊರೆಯುತ್ತದೆ. ಪ್ರಶಸ್ತಿಯನ್ನು ರಚಿಸಿದ ಕವಿ ಸುಳ್ಳುಗಾರನೆಂದು ಇದರ ಅರ್ಥವಲ್ಲ. ಆಶ್ರಯ ಕೊಟ್ಟವನನ್ನು ಕುರಿತೇ ಬರೆಯಬೇಕಾದಾಗ ಲೇಖನಿಗೆ ಉಳಿಯುವ ಸ್ವಾತಂತ್ರ್ಯ ಅಷ್ಟೇ. ಮೋಟಾರ್‌ಸೈಕಲ್ಲಿಗೂ ಶಾಸನಕ್ಕೂ ಮೇಲ್ನೋಟಕ್ಕೆ ಸಂಬಂಧವಿಲ್ಲ. ಆದರೆ ಓದತಕ್ಕ ಮೋಟಾರ್‌ಸೈಕಲ್ ಪತ್ರಿಕೆ ಯಾವುದು ಎಂಬ ಪ್ರಶ್ನೆಯೂ ಮೂಲತಃ ಆಕರವಿಮರ್ಶೆಯ ಪ್ರಶ್ನೆಯೇ ಆಗಿದೆ.

ಇದು ಕೇವಲ ಹವ್ಯಾಸಿಗಳ ವಿಚಾರವೆಂದು ತಳ್ಳಿಹಾಕುವಂತಿಲ್ಲ. ಭಾರತದ ಬಹುಪಾಲು ಮಧ್ಯಮವರ್ಗದ ಕುಟುಂಬಗಳಿಗೆ ಮನೆ, ಚಿನ್ನ, ಮಕ್ಕಳ ವಿದ್ಯಾಭ್ಯಾಸಗಳ ನಂತರದ ದೊಡ್ಡ ವೆಚ್ಚವೆಂದರೆ ದ್ವಿಚಕ್ರ ವಾಹನ. ಜೀವದ ಪ್ರಶ್ನೆಯೂ ಇಲ್ಲಿ ಅಡಗಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು; ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನಕ್ಕೆ ಬ್ರೇಕು ಹಾಕಿದಾಗ ಅದು ನಿಲ್ಲಲು ತೆಗೆದುಕೊಳ್ಳುವ ದೂರ, 80 ಕಿ.ಮೀ. ವೇಗದಲ್ಲಿ ಸುಮಾರು 1.8 ಪಟ್ಟಾಗುತ್ತದೆ. ಇಂಥ ಸಂಗತಿಗಳನ್ನು ಅಳೆದು ಹೇಳುವ ಪತ್ರಿಕೆಗೂ ಬಣ್ಣದ ಚಿತ್ರಗಳ ನಡುವೆ ಮರೆಸಿಬಿಡುವ ಪತ್ರಿಕೆಗೂ ಇರುವ ಅಂತರ ಅಭಿರುಚಿಯ ಅಂತರ ಮಾತ್ರವಲ್ಲ.

ಈ ಬಗೆಯ ಪತ್ರಿಕೋದ್ಯಮಕ್ಕೆ ನೂರಿಪ್ಪತ್ತು ವರ್ಷಗಳ ಚರಿತ್ರೆಯಿದೆ. ಇಂಗ್ಲೆಂಡಿನಲ್ಲಿ 1902ರಲ್ಲಿ ‘ಮೋಟಾರ್ ಸೈಕ್ಲಿಂಗ್’, 1903ರಲ್ಲಿ ‘ದಿ ಮೋಟಾರ್ ಸೈಕಲ್’ ಹುಟ್ಟಿದವು. ರಕ್ಷಾಪುಟದ ಬಣ್ಣದಿಂದಾಗಿ ಓದುಗರು ಮೊದಲನೆಯದನ್ನು ಹಸುರು ಪತ್ರಿಕೆಯೆಂದೂ ಎರಡನೆಯದನ್ನು ನೀಲಿ ಪತ್ರಿಕೆಯೆಂದೂ ಕರೆಯುತ್ತಿದ್ದರು. ನೀಲಿ ಪತ್ರಿಕೆಯಲ್ಲಿ ‘ಇಕ್ಸಿಯಾನ್’ ಎಂಬ ಕಾವ್ಯನಾಮದಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬರೆದ ಬೇಸಿಲ್ ಹೆನ್ರಿ ಡೇವಿಸ್ ವೃತ್ತಿಯಲ್ಲಿ ಕ್ರೈಸ್ತ ಧರ್ಮಗುರು. ಉರಿಯುವ ಚಕ್ರಕ್ಕೆ ಬಿಗಿಯಲ್ಪಟ್ಟ ಗ್ರೀಕ್ ಪುರಾಣದ ಅರಸನ ಹೆಸರನ್ನು ಆತ ಆರಿಸಿಕೊಂಡದ್ದರಲ್ಲಿ ವಿನೋದವೂ ಇತ್ತು, ಅನುಭವವೂ ಇತ್ತು. ಅಂದಿನ ಯಂತ್ರಗಳು ದಾರಿಯಲ್ಲಿ ನಿಲ್ಲುವುದು ಸಾಮಾನ್ಯ ಸಂಗತಿಯಾಗಿತ್ತು. ಪಟ್ಟಿ ಜಾರಿದರೆ ಏನು ಮಾಡಬೇಕು, ಕವಾಟವನ್ನು ಹೇಗೆ ಉಜ್ಜಬೇಕು ಎಂದು ತಿಳಿಸುವ ಪತ್ರಿಕೆ ಓದುಗನ ಚೀಲದಲ್ಲಿನ ಒಂದು ಸಲಕರಣೆಯೇ ಆಗಿತ್ತು. ಅದರ ಮಾತು ಸುಳ್ಳಾದರೆ ಅದೇ ವಾರ ಯಾವುದೋ ಹಳ್ಳಿಯ ಏರಿನಲ್ಲಿ ಗೊತ್ತಾಗುತ್ತಿತ್ತು. ಯಂತ್ರಗಳು ನಂಬಿಕೆಗೆ ಅರ್ಹವಾದಂತೆ ಈ ಬಗೆಯ ಪರೀಕ್ಷೆ ಓದುಗನ ಕೈತಪ್ಪಿತು. ಪತ್ರಿಕೆಯ ಮಾತನ್ನು ಮಾತಾಗಿಯೇ ನಂಬಬೇಕಾದ ಸ್ಥಿತಿ ಬಂದಿತು.

ಇಲ್ಲಿಯೇ ಆಶ್ರಯದ ಪ್ರಶ್ನೆ ಏಳುತ್ತದೆ. ಸಾಹಿತ್ಯ ಪತ್ರಿಕೆಯೊಂದು ಕಾದಂಬರಿಯನ್ನು ವಿಮರ್ಶಿಸಿದಾಗ ಪತ್ರಿಕೆಯ ಅಸ್ತಿತ್ವ ಆ ಕಾದಂಬರಿಕಾರನ ಹಣದ ಮೇಲೆ ನಿಂತಿರುವುದು ಅಪರೂಪ. ಮೋಟಾರ್‌ಸೈಕಲ್ ಪತ್ರಿಕೆಯಲ್ಲಾದರೋ ವಿಮರ್ಶೆಗೊಳಗಾಗುವವನೂ ಜಾಹೀರಾತು ಕೊಡುವವನೂ ಹೆಚ್ಚಾಗಿ ಒಬ್ಬನೇ. ಪರೀಕ್ಷೆಯ ವಾಹನವನ್ನು ಒದಗಿಸುವವನು ತಯಾರಕ. ಅನೇಕ ವೇಳೆ ಪರೀಕ್ಷಕನ ಪ್ರಯಾಣದ ಮತ್ತು ವಸತಿಯ ವೆಚ್ಚವೂ ಅವನದೇ. ಹೊಸ ವಾಹನದ ಮೊದಲ ಸವಾರಿ ತಯಾರಕನ ಸ್ವಂತ ಪರೀಕ್ಷಾಪಥದಲ್ಲಿಯೋ ಅವನೇ ಆರಿಸಿದ ಗಿರಿಧಾಮದ ರಸ್ತೆಯಲ್ಲಿಯೋ ಕೆಲವು ಗಂಟೆಗಳ ಕಾಲ ನಡೆಯುತ್ತದೆ. ಆ ಪಥದಲ್ಲಿ ಗುಂಡಿಗಳಿಲ್ಲ, ಅಡ್ಡಬರುವ ದನವಿಲ್ಲ, ಹಿಂದೆ ಕುಳಿತ ಹೆಂಡತಿಮಕ್ಕಳಿಲ್ಲ. ಹಾಗೆ ಬರೆದ ವರದಿ ಅಪ್ರಾಮಾಣಿಕವೆಂದು ಹೇಳುವ ಅಗತ್ಯವಿಲ್ಲ. ಅದರ ಎಲ್ಲೆ ಯಾವುದೆಂದು ಓದುಗನಿಗೆ ತಿಳಿಸಿದ್ದರೆ ಸಾಕು. ತಿಳಿಸುವ ಪತ್ರಿಕೆ, ತಿಳಿಸದ ಪತ್ರಿಕೆ ಎಂಬುದು ಆಯ್ಕೆಯ ಮೊದಲನೆಯ ಒರೆಗಲ್ಲು.

ಈ ಬಂಧನದಿಂದ ಬಿಡಿಸಿಕೊಳ್ಳುವ ಯತ್ನಗಳೂ ಚರಿತ್ರೆಯಲ್ಲಿವೆ. 1962ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೋ ಪಾರ್ಕ್‌ಹರ್ಸ್ಟ್ ಆರಂಭಿಸಿದ ‘ಸೈಕಲ್ ವರ್ಲ್ಡ್’ ಯಂತ್ರವನ್ನು ಅಳೆದು, ದೋಷವನ್ನು ದೋಷವೆಂದೇ ಬರೆಯುವ ರಸ್ತೆ ಪರೀಕ್ಷೆಗಳಿಂದ ಹೆಸರಾಯಿತು. ಇನ್ನೂ ಮುಂದೆ ಹೋದದ್ದು ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಹೊರಬರುವ ‘ಮೋಟೊರಾಡ್’. ಅದು ವಾಹನವನ್ನು ಎಂಜಿನ್, ಚಾಸಿ, ದಿನಬಳಕೆ, ಸುರಕ್ಷತೆ, ವೆಚ್ಚ ಎಂಬ ವಿಭಾಗಗಳಲ್ಲಿ ಒಟ್ಟು 1000 ಅಂಕಗಳಿಗೆ ತೂಗುತ್ತದೆ. ಅದಕ್ಕಿಂತ ಮುಖ್ಯವಾದುದು ಅದರ ದೀರ್ಘಾವಧಿ ಪರೀಕ್ಷೆ. ವಾಹನವನ್ನು 50,000 ಕಿ.ಮೀ. ಓಡಿಸಿ, ಕೊನೆಯಲ್ಲಿ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಪಿಸ್ಟನ್, ಸಿಲಿಂಡರ್, ಕವಾಟಗಳು ಎಷ್ಟು ಸವೆದಿವೆ ಎಂಬುದನ್ನು ಅಳೆದು ಪ್ರಕಟಿಸಲಾಗುತ್ತದೆ. ಬಿಡುಗಡೆಯ ದಿನದ ಸಂಭ್ರಮಕ್ಕೆ ಅಲ್ಲಿ ಬೆಲೆಯಿಲ್ಲ. ಸವೆದ ಲೋಹ ಯಾರ ಮುಖವನ್ನೂ ನೋಡಿ ಮಾತನಾಡುವುದಿಲ್ಲ. ಕೊಳ್ಳುವವನು ಸಾಲ ತೀರಿಸಿ ಮುಗಿಸುವ ಹೊತ್ತಿಗೆ ತನ್ನ ವಾಹನ ಹೇಗಿರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಪರೀಕ್ಷಕನ ಯೋಗ್ಯತೆಯೂ ಗಣನೆಗೆ ಬರಬೇಕು. ಹಸುರು ಪತ್ರಿಕೆಯ ಸಂಪಾದಕನಾಗಿದ್ದ ಗ್ರಹಾಂ ವಾಕರ್ 1931ರ ಐಲ್ ಆಫ್ ಮ್ಯಾನ್ ಟಿಟಿ ಸ್ಪರ್ಧೆಯ ಲೈಟ್‌ವೇಟ್ ವಿಭಾಗದಲ್ಲಿ ಗೆದ್ದವನು. ಅಮೆರಿಕದ ‘ಸೈಕಲ್’ ಪತ್ರಿಕೆಯ ಸಂಪಾದಕ ಕುಕ್ ನೀಲ್ಸನ್ 1977ರಲ್ಲಿ ಡೇಟೋನಾದ ಸೂಪರ್‌ಬೈಕ್ ಸ್ಪರ್ಧೆಯನ್ನು ಡುಕಾಟಿಯ ಮೇಲೆ ಗೆದ್ದನು. ಇಂಥವರ ಮಾತಿಗೆ ತೂಕವಿದೆ. ಆದರೆ ಸ್ಪರ್ಧಾಪಥದ ನೈಪುಣ್ಯ ಒಂದು ಬಗೆಯ ಪ್ರಮಾಣ ಮಾತ್ರ. ಬೆಳಗಿನ ಮಳೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವನಿಗೆ, ಕಚೇರಿಗೆ ದಿನವೂ 40 ಕಿ.ಮೀ. ಸವಾರಿ ಮಾಡುವವಳಿಗೆ ಬೇಕಾದ ತೀರ್ಪು ಬೇರೆ. ತನ್ನ ಪರೀಕ್ಷೆ ಯಾರ ಪರವಾಗಿ ನಡೆಯುತ್ತಿದೆ ಎಂಬುದನ್ನು ಮರೆಯದ ಪತ್ರಿಕೆ ವಿಶ್ವಾಸಾರ್ಹ.

ಭಾರತದಲ್ಲಿ ಈ ಪ್ರಶ್ನೆ ತಡವಾಗಿ ಹುಟ್ಟಿತು. 1955ರಿಂದ ಮದ್ರಾಸಿನ ಬುಲೆಟ್, 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಅದರ ಜೊತೆಗೆ ರಾಜದೂತ್ ಎಂಬಷ್ಟಕ್ಕೆ ಆಯ್ಕೆ ಹೆಚ್ಚುಕಡಿಮೆ ಮುಗಿಯುತ್ತಿದ್ದ ಕಾಲದಲ್ಲಿ ವಿಮರ್ಶೆಗೆ ಅವಕಾಶವೇ ಇರಲಿಲ್ಲ, ಸಿಕ್ಕಿದ್ದನ್ನು ಕೊಳ್ಳಬೇಕಾಗಿತ್ತು. ಎಂಬತ್ತರ ದಶಕದಲ್ಲಿ ಜಪಾನಿನ ಸಹಯೋಗದಿಂದ ಬಂದ 100 ಸಿಸಿ ವಾಹನಗಳು ಆಯ್ಕೆಯನ್ನು ತಂದವು. ಮುಂದಿನ ದಶಕದ ಕೊನೆಯಲ್ಲಿ ‘ಓವರ್‌ಡ್ರೈವ್’, ‘ಆಟೋಕಾರ್ ಇಂಡಿಯಾ’ಗಳೂ, ಅನಂತರ ‘ಬೈಕ್ ಇಂಡಿಯಾ’ದಂಥ ಪತ್ರಿಕೆಗಳೂ ಬಂದವು. ಕೊಳ್ಳುವವರ ಮೊದಲ ಪ್ರಶ್ನೆ ಮೈಲೇಜಿನದಾಗಿತ್ತು, ಇಂದಿಗೂ ಆಗಿದೆ. ತಯಾರಕರು ಪ್ರಕಟಿಸುವ ಪ್ರಮಾಣೀಕೃತ ಅಂಕಿ ಪ್ರಯೋಗಾಲಯದ ಉರುಳೆಗಳ ಮೇಲೆ, ನಿಗದಿಯಾದ ಚಕ್ರದಂತೆ ಓಡಿಸಿ ಪಡೆದದ್ದು. ರಸ್ತೆಯಲ್ಲಿ ಅದು ಕಡಿಮೆಯಾಗುವುದು ಸಹಜ. ಟ್ಯಾಂಕನ್ನು ಅಂಚಿನವರೆಗೆ ತುಂಬಿ, ಊರಿನಲ್ಲಿಯೂ ಹೆದ್ದಾರಿಯಲ್ಲಿಯೂ ಓಡಿಸಿ, ಮತ್ತೆ ತುಂಬಿ ಲೆಕ್ಕ ಹಾಕಿದ ಅಂಕಿಯನ್ನು ಕೊಡದೆ ಕರಪತ್ರದ ಅಂಕಿಯನ್ನೇ ಮುದ್ರಿಸುವ ಪತ್ರಿಕೆಗೆ ಹಣ ಕೊಡಬೇಕಾದ ಕಾರಣವಿಲ್ಲ. ಹಾಗೆಯೇ 2019ರ ಏಪ್ರಿಲಿನಿಂದ 125 ಸಿಸಿಗೆ ಮೇಲ್ಪಟ್ಟ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಆದರೆ ಸಿಂಗಲ್ ಚಾನಲ್ ಎಬಿಎಸ್ ಸಾಮಾನ್ಯವಾಗಿ ಮುಂದಿನ ಚಕ್ರವನ್ನು ಮಾತ್ರ ಕಾಯುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಪತ್ರಿಕೆಯ ಕರ್ತವ್ಯ.

ಕನ್ನಡಿಗ ಓದುಗನಿಗೆ ಇನ್ನೊಂದು ಎಚ್ಚರವೂ ಅಗತ್ಯ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಜಾವಾ ಮತ್ತು ಯೆಜ್ಡಿಗಳ ಸದ್ದು ಹಳೆ ಮೈಸೂರು ಸೀಮೆಯ ಒಂದು ತಲೆಮಾರಿನ ನೆನಪಿನಿಂದ ಅಳಿದಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮರಳಿದಾಗ ಬಂದದ್ದು ಬೇರೆ ಸಂಸ್ಥೆಯ, ಬೇರೆ ಊರಿನ, ನಾಲ್ಕು ಹೊಡೆತದ ಎಂಜಿನ್ನಿನ ಬೇರೆಯೇ ಯಂತ್ರ. ಹೆಸರಿನ ಕೀರ್ತಿಯನ್ನು ಯಂತ್ರದ ಗುಣವೆಂದು ಎಣಿಸುವುದು, ವಂಶಾವಳಿಯ ಬಲದಿಂದ ಅರಸನ ಆಡಳಿತವನ್ನು ಅಳೆದಂತೆ. ನೆನಪನ್ನು ಗೌರವಿಸಿಯೂ ತೀರ್ಪನ್ನು ಅದರಿಂದ ಬೇರೆಯಾಗಿಡುವುದು ವಿಮರ್ಶಕನಿಗೆ ಸುಲಭವಲ್ಲ. ಅದನ್ನು ಮಾಡಬಲ್ಲ ಬರಹ ಎಲ್ಲಿದೆಯೆಂದು ಹುಡುಕಬೇಕು.

ಅಂಕಿಸಂಖ್ಯೆಗಳೇ ಸರ್ವಸ್ವವಾದರೆ ಪತ್ರಿಕೆ ಲೆಕ್ಕದ ಪುಸ್ತಕವಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ‘ಸೈಕಲ್ ವರ್ಲ್ಡ್’ನಲ್ಲಿಯೇ ಪೀಟರ್ ಈಗನ್ ದಶಕಗಳ ಕಾಲ ಬರೆದ ಅಂಕಣಗಳು ಉತ್ತಮ ಪ್ರಬಂಧಗಳೆಂದು ಮಾನ್ಯವಾಗಿವೆ, 1995ರಲ್ಲಿ ಅದೇ ಪತ್ರಿಕೆಗೆ ಹಂಟರ್ ಥಾಂಪ್ಸನ್‌ನಂಥ ಲೇಖಕ ಡುಕಾಟಿಯೊಂದರ ಸವಾರಿಯನ್ನು ಕುರಿತು ಬರೆದನು. ಅದೇ ಪುಟಗಳಲ್ಲಿ ಕೆವಿನ್ ಕ್ಯಾಮರಾನ್ ಎಂಜಿನ್ನಿನ ಒಳಗಿನ ಕಾರ್ಯಕಾರಣಗಳನ್ನು ಬಿಡಿಸಿ ತೋರಿಸಿದನು. ಸವಾರಿಯ ಆನಂದವನ್ನು ಮೀಟರುಗಳಲ್ಲಿ ಅಳೆಯಲಾಗದು. ಅದಕ್ಕೆ ಸಾಹಿತ್ಯವೇ ಬೇಕು. ಬೇಡವಾದದ್ದು ಎರಡರ ಬೆರಕೆ. ಬ್ರೇಕಿನ ದೂರವನ್ನು ಹೇಳಬೇಕಾದಲ್ಲಿ ಉಪಮೆ ಬಂದರೆ ಅದು ಕಾವ್ಯವೂ ಅಲ್ಲ, ಸಾಕ್ಷ್ಯವೂ ಅಲ್ಲ.

ಹಾಗಾದರೆ ಆಯ್ಕೆಯ ಕ್ರಮವೇನು? ಹೊಸ ಸಂಚಿಕೆಯನ್ನು ನೋಡಿ ನಿರ್ಧರಿಸುವುದಕ್ಕಿಂತ ಎರಡು ವರ್ಷ ಹಳೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿಯೋ ಹಳೆಯ ಪುಸ್ತಕದ ಅಂಗಡಿಯಲ್ಲಿಯೋ ತೆರೆದು ನೋಡುವುದು ಮೇಲು. ಅಂದು ಹೊಗಳಿದ ವಾಹನಗಳು ಇಂದು ಹೇಗಿವೆ ಎಂಬುದು ಅಷ್ಟರಲ್ಲಿ ಬೀದಿಯ ಮೆಕ್ಯಾನಿಕ್ಕನಿಗೂ ತಿಳಿದಿರುತ್ತದೆ. ಜಾಹೀರಾತು ಕೊಟ್ಟವನ ವಾಹನದ ದೋಷವನ್ನು ಹೆಸರಿಟ್ಟು ಬರೆದ ಒಂದಾದರೂ ಪುಟ ಇದೆಯೇ, ಹೋಲಿಕೆಯ ಪರೀಕ್ಷೆಯಲ್ಲಿ ಯಾರಾದರೂ ಸೋಲುತ್ತಾರೆಯೇ, ಅಳತೆಗಳು ಪತ್ರಿಕೆಯ ಸ್ವಂತದವೇ, ಮೊದಲ ಸವಾರಿಯ ನಂತರ ಅದೇ ವಾಹನವನ್ನು ಸಾವಿರಾರು ಕಿ.ಮೀ. ಓಡಿಸಿ ಮತ್ತೆ ಬರೆದಿದ್ದಾರೆಯೇ, ಹಿಂದಿನ ತಪ್ಪನ್ನು ತಿದ್ದಿದ್ದಾರೆಯೇ ಎಂದು ನೋಡಬೇಕು. ಈ ಐದರಲ್ಲಿ ಮೂರು ಇದ್ದರೂ ಆ ಪತ್ರಿಕೆ ಓದತಕ್ಕದ್ದು.

ಹಾಗೆ ಆರಿಸಿದ ಮೇಲೆ ಅದನ್ನು ಹಣ ಕೊಟ್ಟು ಓದಬೇಕು. ನೀಲ್ಸನ್ ಸಂಪಾದಿಸಿದ ‘ಸೈಕಲ್’ 1991ರಲ್ಲಿ ನಿಂತುಹೋಯಿತು. 1912ರಲ್ಲಿ ಹುಟ್ಟಿದ ‘ಮೋಟಾರ್‌ಸೈಕ್ಲಿಸ್ಟ್’ನ ಮುದ್ರಣ 2019ರಲ್ಲಿ ಕೊನೆಗೊಂಡಿತು. ಓದುಗನ ಚಂದಾಹಣ ಕುಗ್ಗಿದಷ್ಟೂ ಪತ್ರಿಕೆಯ ಭಾರ ತಯಾರಕನ ಹೆಗಲಿಗೆ ಜಾರುತ್ತದೆ. ಭಾರ ಹೊತ್ತವನನ್ನು ಕುರಿತು ಕಠಿಣವಾಗಿ ಬರೆಯುವ ಧೈರ್ಯವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಪ್ರಶಸ್ತಿ ಬರೆಸುವುದಕ್ಕೆ ಅರಸರಿಗೆ ಎಂದೂ ಹಣದ ಕೊರತೆಯಾಗಿಲ್ಲ. ಸಾಕ್ಷ್ಯ ಬೇಕಾದವರು ಅದರ ಖರ್ಚನ್ನು ತಾವೇ ವಹಿಸಿಕೊಳ್ಳಬೇಕಾಗುತ್ತದೆ.