ಊರಿನ ನೀರಿನ ಲೆಕ್ಕ ಊರಿನ ಕೈಯಲ್ಲಿರಲಿ

ನಮ್ಮ ಧಾರವಾಡ ಸೀಮೆಯಲ್ಲಿ ನೀರಿನ ಮಾತು ಬಂದಾಗಲೆಲ್ಲ ‘ಟಿಎಂಸಿ’ ಎಂಬ ಶಬ್ದ ಕಿವಿಗೆ ಬೀಳುವುದು. ಕಳಸಾ-ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸಿಕೊಳ್ಳಲು ಮಹದಾಯಿ ನ್ಯಾಯಾಧಿಕರಣವು ೨೦೧೮ರಲ್ಲಿ ಕರ್ನಾಟಕಕ್ಕೆ ೩.೯ ಟಿಎಂಸಿ ನೀರನ್ನು ಹಂಚಿಕೊಟ್ಟಿತೆಂಬುದನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರೂ ಬಲ್ಲರು. ಆದರೆ ಕಳೆದ ಮುಂಗಾರಿಯಲ್ಲಿ ತಮ್ಮ ಹೊಲದ ಮೇಲೆ ಎಷ್ಟು ಅಂಗುಲ ಮಳೆ ಬಿದ್ದಿತು, ಅದರಲ್ಲಿ ಎಷ್ಟು ಮಣ್ಣಿನಲ್ಲಿ ನಿಂತಿತು, ಎಷ್ಟು ಹಳ್ಳಕ್ಕೆ ಹರಿಯಿತು ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಊರಿನ ನೀರನ್ನು ಊರೇ ಅಳೆಯಬೇಕು, ಆ ಅಳತೆಯ ಪುಸ್ತಕವು ಊರಿನ ಕೈಯಲ್ಲಿಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಕೇಳಲು ಅಗಾಧವಾದ ಈ ಸಂಖ್ಯೆಯನ್ನು ಹೊಲದ ಮೇಲೆ ಹರಡಿ ನೋಡಿದರೆ, ಅದು ಸುಮಾರು ಎರಡೂಮುಕ್ಕಾಲು ಲಕ್ಷ ಎಕರೆಯ ಮೇಲೆ ಬಿದ್ದ ಒಂದೇ ಒಂದು ಅಂಗುಲ ಮಳೆಗೆ ಸಮ. ಹಾಗಾದರೆ ಎರೆಯ ಹೊಲದಲ್ಲಿ ನಿಲ್ಲದೆ ಹರಿದುಹೋಗುವ ಒಂದೊಂದು ಅಂಗುಲದ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯ ಕಡೆಯ ಎರೆ ಭೂಮಿಯನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿಗಳು ಬಹುಮಟ್ಟಿಗೆ ಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ ಬದುಕುವವು. ಒಂದು ಮೀಟರ್ ಆಳದ ಒಳ್ಳೆಯ ಎರೆ ಮಣ್ಣು ಆರರಿಂದ ಎಂಟು ಅಂಗುಲ ನೀರನ್ನು ಬೆಳೆಗೆ ಸಿಗುವಂತೆ ಹಿಡಿದಿಡಬಲ್ಲದು. ಅಂದರೆ ಎಕರೆಗೆ ಆರರಿಂದ ಎಂಟು ಲಕ್ಷ ಲೀಟರು. ಇಪ್ಪತ್ತೊಂದು ಮೀಟರ್ ಚೌಕದ, ಮೂರು ಮೀಟರ್ ಆಳದ ಕೃಷಿಹೊಂಡದಲ್ಲಿ ಹಿಡಿಯುವುದು ಹೆಚ್ಚೆಂದರೆ ಹತ್ತು ಲಕ್ಷ ಲೀಟರಿನ ಆಜುಬಾಜು. ಹೊಂಡ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಒಕ್ಕಲಿಗನ ಮೊದಲನೆಯ ಹೊಂಡವು ಅವನ ಮಣ್ಣೇ ಆಗಿದೆ. ಎರೆ ಮಣ್ಣಿಗೆ ಒಂದು ದೋಷವುಂಟು. ಬಿರುಕು ಬಿಟ್ಟಾಗ ನೀರನ್ನು ಗಟಗಟನೆ ಕುಡಿಯುವ ಈ ಮಣ್ಣು, ನೆನೆದು ಉಬ್ಬಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದು. ಆಗ ಬಿದ್ದ ಬಿರುಮಳೆ ಮೇಲುಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುವುದು. ಆದುದರಿಂದಲೇ ೧೯೩೦ರ ದಶಕದಲ್ಲಿ ಸೋಲಾಪುರ, ವಿಜಾಪುರಗಳ ಒಣಬೇಸಾಯ ಸಂಶೋಧನೆಯು ಬದು, ಒಡ್ಡುಗಳಿಗೆ ಪ್ರಾಶಸ್ತ್ಯ ಕೊಟ್ಟಿತು. ಹೊಲವನ್ನು ಚೌಕುಮಡಿಗಳಾಗಿ ಒಡೆಯುವ ಪದ್ಧತಿಯ ಉದ್ದೇಶವೂ ಬಿದ್ದ ನೀರನ್ನು ಬಿದ್ದಲ್ಲಿಯೇ ನಿಲ್ಲಿಸುವುದು.

ಅಳತೆಯಿಲ್ಲದ ಬಾಳಿನ ಫಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. ೨೦೧೯ರ ಆಗಸ್ಟಿನಲ್ಲಿ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳು ಉಕ್ಕಿ ಹೊಲ-ಮನೆಗಳನ್ನು ನುಂಗಿದವು. ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸಾರಲ್ಪಟ್ಟವು. ನಾಲ್ಕೇ ವರ್ಷಗಳ ಅಂತರದಲ್ಲಿ ಪ್ರವಾಹಕ್ಕೂ ಬರಕ್ಕೂ ಪರಿಹಾರ ಬೇಡಿದವರು ಬಹುಶಃ ಅವರೇ ಒಕ್ಕಲಿಗರು.

‘ಅಳತೆ ಬಂದರೆ ಬೆನ್ನ ಹಿಂದೆ ಕರವೂ ಬರುತ್ತದೆ’ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ತಲುಪುವ ಮೊದಲೇ ಅಭಿವೃದ್ಧಿ ಕರದ ಹೊರೆ ಬಿದ್ದುದರಿಂದ ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರಾಯಿತು, ಪ್ರಾಣಗಳು ಹೋದವು. ಆ ನೆನಪು ಈ ಸೀಮೆಯಲ್ಲಿ ಇನ್ನೂ ಆರಿಲ್ಲ. ಆದರೆ ಅದರಿಂದ ಕಲಿಯಬೇಕಾದ ಪಾಠವು ಅಳತೆಯೇ ಬೇಡವೆಂಬುದಲ್ಲ. ಲೆಕ್ಕದ ಪುಸ್ತಕ ಕಚೇರಿಯಲ್ಲಿದ್ದರೆ ಅದು ಕರದ ಪಟ್ಟಿಯಾಗಬಹುದು; ಗ್ರಾಮಸಭೆಯಲ್ಲಿದ್ದರೆ ಅದೇ ಒಕ್ಕಲಿಗನ ವಾದಕ್ಕೆ ಆಧಾರವಾಗುವುದು.

ಮಹಾರಾಷ್ಟ್ರದ ಹಿವರೆ ಬಜಾರ ಎಂಬ ಹಳ್ಳಿ ಇದನ್ನು ಮಾಡಿ ತೋರಿಸಿದೆ. ಅಲ್ಲಿ ಗ್ರಾಮಸ್ಥರು ವರ್ಷದ ಮಳೆಯನ್ನೂ ಬಾವಿಗಳ ಮಟ್ಟವನ್ನೂ ನೋಡಿ, ಮೊದಲು ಕುಡಿಯುವ ನೀರನ್ನು ತೆಗೆದಿರಿಸಿ, ಉಳಿದುದಕ್ಕೆ ತಕ್ಕಂತೆ ಬೆಳೆಯನ್ನು ಗೊತ್ತುಮಾಡುವರು. ನೀರನ್ನು ಹೀರುವ ಕಬ್ಬಿಗೆ ಅಲ್ಲಿ ನಿಷೇಧವಿದೆ.

ನಮಗೆ ಇದು ಅಸಾಧ್ಯವೇನಲ್ಲ. ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ. ಅವುಗಳ ಅಂಕಿಯನ್ನು ಪಂಚಾಯತಿಯ ಗೋಡೆಯ ಮೇಲೆ ದಿನವೂ ಬರೆಯಲಿ. ಗುರುತು ಹಾಕಿದ ಹಗ್ಗವೊಂದಿದ್ದರೆ ತೆರೆದ ಬಾವಿಯ ಮಟ್ಟವನ್ನು ತಿಂಗಳಿಗೊಮ್ಮೆ ತಿಳಿಯಬಹುದು. ಕೊಳವೆಬಾವಿಗೆ ಇನ್ನೂರು ಲೀಟರಿನ ಪೀಪಾಯಿಯೂ ಕೈಗಡಿಯಾರವೂ ಸಾಕು. ಪೀಪಾಯಿ ಐವತ್ತು ಸೆಕೆಂಡಿನಲ್ಲಿ ತುಂಬಿದರೆ ತಾಸಿಗೆ ೧೪,೪೦೦ ಲೀಟರು ಬಂದಂತಾಯಿತು. ಒಂದು ಎಕರೆಗೆ ಒಂದು ಅಂಗುಲ ನೀರುಣಿಸಲು ಏಳು ತಾಸು ಬೇಕು. ಈ ಲೆಕ್ಕ ತಿಳಿದವನು ಮೋಟರನ್ನು ರಾತ್ರಿಯಿಡೀ ಬಿಟ್ಟು ಮಲಗಲಾರ.

ಇಲ್ಲಿ ನಮ್ಮ ಪಾಲಿನ ಕೆಲಸವೂ ಇದೆ. ನಾವು ಕಲಾ ವಿಭಾಗದವರು, ನಮಗೇಕೆ ಈ ಗಣಿತ ಎನ್ನುವುದು ಸಲ್ಲದು. ನಮ್ಮಲ್ಲಿ ಬಹುಜನರು ಒಕ್ಕಲುತನದ ಮನೆಗಳಿಂದಲೇ ಬಂದವರು. ಅರ್ಥಶಾಸ್ತ್ರ, ಭೂಗೋಳಗಳ ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಬಾವಿಯ ಲೆಕ್ಕವನ್ನು ವರ್ಷವಿಡೀ ಇಡಬಹುದು. ಸೇವಾ ಶಿಬಿರದಲ್ಲಿ ರಸ್ತೆ ಗುಡಿಸುವುದರೊಂದಿಗೆ ಈ ಪುಸ್ತಕವನ್ನು ಗ್ರಾಮಸಭೆಯ ಮುಂದೆ ಓದುವ ಕಾರ್ಯವೂ ಸೇರಲಿ. ಬರುವ ಮುಂಗಾರಿಯ ಮೊದಲ ಹನಿಯಿಂದಲೇ ಇದು ಆರಂಭವಾಗಲೆಂದು ಸಹಪಾಠಿಗಳಲ್ಲಿಯೂ ಗುರುಗಳಲ್ಲಿಯೂ ನನ್ನ ವಿನಂತಿ.