ಒಲ್ಲೆ ಎನ್ನುವ ಹಕ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ತಂಡ ನಡೆಸುವ ‘ಔಟ್ ಆಫ್ ದ ಪಾರ್ಕ್’ ಆಟವನ್ನು ಕದರಮಂಡಲಗಿಯ ನಾನು, ಬ್ಯಾಡಗಿ, ರಾಣೆಬೆನ್ನೂರಿನ ಕೆಲವು ಗೆಳೆಯರು ಕೂಡಿ ಆಡುತ್ತೇವೆ. ಆಟದೊಳಗಿನ ಪ್ರತಿ ವರ್ಷವೂ ಒಂದು ಡ್ರಾಫ್ಟ್ ಬರುತ್ತದೆ; ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸುತ್ತವೆ. ಆರಿಸಿದ ಮಾತ್ರಕ್ಕೆ ಹುಡುಗ ನಮ್ಮವನಾಗುವುದಿಲ್ಲ. ಅವನು ಬೋನಸ್ ಒಪ್ಪಿ ಸಹಿ ಹಾಕಬೇಕು. ಒಪ್ಪದಿದ್ದರೆ ಕಾಲೇಜಿನ ದಾರಿ ಹಿಡಿಯುತ್ತಾನೆ. ಆದ್ದರಿಂದ ಆಟದ ಅಂಕಿಗಳ ಜೊತೆಗೆ ಅವನು ಸಹಿ ಹಾಕುವ ಸಂಭವವನ್ನೂ ತೂಗಿ ನೋಡಬೇಕು ಎಂಬುದು ನನ್ನ ವಾದ. ಗೆಳೆಯರು ಇದಕ್ಕೆ ಐದು ಆಕ್ಷೇಪ ಎತ್ತಿದ್ದಾರೆ. ಒಂದೊಂದನ್ನೂ ಎದುರಿಸುತ್ತೇನೆ.

ಮೊದಲ ಆಕ್ಷೇಪ: “ಛಲೋ ಆಟಗಾರನ್ನ ಆರಿಸು, ಸಹಿ ಮಾತು ಆಮ್ಯಾಲ.”

ಸಹಿಯ ಮಾತನ್ನು ಆಮೇಲಿಗೆ ಇಟ್ಟರೆ ಒಬ್ಬನಷ್ಟೇ ಹೋಗುವುದಿಲ್ಲ, ಜೊತೆಗಿದ್ದವರೂ ಹೋಗುತ್ತಾರೆ. ಅಮೆರಿಕದ ಮೇಜರ್ ಲೀಗಿನಲ್ಲಿ 2012ರಿಂದ ಮೊದಲ ಹತ್ತು ಸುತ್ತುಗಳ ಪ್ರತಿ ಸರದಿಗೂ ಇಂತಿಷ್ಟು ಎಂದು ಮೊತ್ತ ಗೊತ್ತುಮಾಡಿದ್ದಾರೆ. ಅವುಗಳ ಒಟ್ಟು ಮೊತ್ತವೇ ತಂಡದ ಬೋನಸ್ ನಿಧಿ. ಆರಿಸಿದ ಹುಡುಗ ಸಹಿ ಹಾಕದಿದ್ದರೆ ಅವನ ಸರದಿಯ ಮೊತ್ತವೂ ನಿಧಿಯಿಂದ ಕಳೆದುಹೋಗುತ್ತದೆ. ಅದನ್ನು ಬೇರೆಯವರಿಗೆ ಹಂಚಲು ಬರುವುದಿಲ್ಲ. ನಮ್ಮ ಲೀಗಿನಲ್ಲೂ ಇದೇ ಕಟ್ಟಳೆ.

2014ರಲ್ಲಿ ಹ್ಯೂಸ್ಟನ್ ತಂಡಕ್ಕೆ ಆದದ್ದನ್ನು ನೋಡಿ. ಮೊದಲ ಸರದಿಯಲ್ಲೇ ಬ್ರೇಡಿ ಏಕನ್ ಎಂಬ ಹೈಸ್ಕೂಲ್ ಪಿಚರ್‌ನನ್ನು ಆರಿಸಿತು. ವೈದ್ಯಕೀಯ ತಪಾಸಣೆಯಲ್ಲಿ ಮೊಣಕೈ ಬಗ್ಗೆ ಅನುಮಾನ ಹುಟ್ಟಿ ತಂಡ ಬೋನಸ್ ಇಳಿಸಿತು, ಹುಡುಗ ಒಪ್ಪಲಿಲ್ಲ, ಗಡುವು ಮುಗಿಯಿತು. ಅವನ ಸರದಿಯ ಹಣ ನಿಧಿಯಿಂದ ಹೋದದ್ದೇ, ಐದನೇ ಸುತ್ತಿನಲ್ಲಿ ಆರಿಸಿ ಮಾತು ಮುಗಿಸಿದ್ದ ಜೇಕಬ್ ನಿಕ್ಸ್‌ಗೆ ಕೊಡಲು ಹಣ ಸಾಲದೆ ಅವನೂ ಕೈತಪ್ಪಿದ. ಪ್ರತಿಭೆಯ ಪಟ್ಟಿಯೊಂದನ್ನೇ ನೋಡುವವರ ಲೆಕ್ಕದಲ್ಲಿ ಈ ಎರಡನೇ ನಷ್ಟಕ್ಕೆ ಜಾಗವೇ ಇಲ್ಲ.

ಎರಡನೇ ಆಕ್ಷೇಪ: “ರೊಕ್ಕ ಕೊಟ್ಟರ ಯಾರ್ ಒಲ್ಲೆ ಅಂತಾರ?”

ಅಂದವರಿದ್ದಾರೆ. 2008ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ 28ನೇ ಸರದಿಯಲ್ಲಿ ಗೆರಿಟ್ ಕೋಲ್‌ನನ್ನು ಆರಿಸಿತು. ಹಣಕ್ಕೆ ಕೊರತೆಯಿಲ್ಲದ ತಂಡ, ಆಗ ನಿಧಿಯ ಕಟ್ಟುಪಾಡೂ ಇರಲಿಲ್ಲ. ಆದರೂ ಅವನು ಒಲ್ಲೆ ಎಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯಕ್ಕೆ ಸೇರಿದ. ಮೂರು ವರ್ಷದ ಮೇಲೆ, 2011ರಲ್ಲಿ, ಪಿಟ್ಸ್‌ಬರ್ಗ್ ತಂಡ ಅವನನ್ನೇ ಮೊದಲ ಸರದಿಯಲ್ಲಿ ಆರಿಸಿ 80 ಲಕ್ಷ ಡಾಲರ್ ಬೋನಸ್ ಕೊಟ್ಟಿತು. 2019ರ ಡಿಸೆಂಬರಿನಲ್ಲಿ ಅದೇ ಯಾಂಕೀಸ್ ಅವನಿಗಾಗಿ ಒಂಬತ್ತು ವರ್ಷಕ್ಕೆ 32.4 ಕೋಟಿ ಡಾಲರ್‌ ಒಪ್ಪಂದ ಮಾಡಿಕೊಂಡಿತು.

ಹಾಗಾದರೆ ನೋಡಬೇಕಾದದ್ದು ಏನು? ಹುಡುಗನ ಮುಂದೆ ಬೇರೆ ದಾರಿ ಇದೆಯೇ ಎಂಬುದನ್ನು. ಹೈಸ್ಕೂಲ್ ಮುಗಿಸಿದವನಿಗೆ ಕಾಲೇಜು ಕಾದಿರುತ್ತದೆ; ಅಲ್ಲಿ ಚೆನ್ನಾಗಿ ಆಡಿದರೆ ಮೂರು ವರ್ಷದ ಮೇಲೆ ಇನ್ನೊಮ್ಮೆ ಡ್ರಾಫ್ಟಿಗೆ ಬರಬಹುದು. ಕಾಲೇಜಿನ ಕೊನೆಯ ವರ್ಷ ಮುಗಿಸಿದವನಿಗೆ ಆ ಅನುಕೂಲವಿಲ್ಲ. ಅಂಥವನು ಸರದಿಯ ಮೊತ್ತಕ್ಕಿಂತ ಎಷ್ಟೋ ಕಡಿಮೆಗೆ ಒಪ್ಪುತ್ತಾನೆ. ಅಮೆರಿಕದ ತಂಡಗಳು ಹತ್ತರೊಳಗಿನ ಕೆಳಸುತ್ತುಗಳಲ್ಲಿ ಇಂಥವರನ್ನು ಆರಿಸಿ, ಉಳಿಸಿದ ಹಣವನ್ನು ಹೆಚ್ಚು ಕೇಳುವ ಹೈಸ್ಕೂಲ್ ಹುಡುಗನಿಗೆ ಕೊಡುತ್ತವೆ. ಹಣ ಬೇಕೇ ಬೇಕು, ಆದರೆ ಯಾರಿಗೆ ಎಷ್ಟು ಎಂಬುದನ್ನು ಅವರವರ ದಾರಿ ನೋಡಿಯೇ ನಿರ್ಧರಿಸಬೇಕು.

ಮೂರನೇ ಆಕ್ಷೇಪ: “ಇಷ್ಟು ಸೊಕ್ಕು ಇದ್ದವ ನಮಗ ಬ್ಯಾಡ.”

ಐದರಲ್ಲಿ ನನಗೆ ಹೆಚ್ಚು ನೋವು ತಂದ ಮಾತು ಇದು. ಇದನ್ನು ಆಡಿದವರು ಮೆಣಸಿನಕಾಯಿ ಬೆಳೆಯುವ ಮನೆತನದವರೇ. ಬ್ಯಾಡಗಿ ಪೇಟೆಯಲ್ಲಿ ಸೋಮವಾರ, ಗುರುವಾರ ಟೆಂಡರ್ ನಡೆಯುತ್ತದೆ. ಲಾಟಿಗೆ ಹೆಚ್ಚು ದರ ಹಾಕಿದ ಖರೀದಿದಾರನ ಹೆಸರು ಬಂದರೂ, ರೈತ ಒಪ್ಪಿದ ಮೇಲೇ ವ್ಯಾಪಾರ. ದರ ಹಿಡಿಸದಿದ್ದರೆ ಚೀಲ ಮುಂದಿನ ಟೆಂಡರಿಗೆ ಉಳಿಯುತ್ತದೆ, ಇಲ್ಲವೇ ಕೋಲ್ಡ್ ಸ್ಟೋರೇಜ್ ಸೇರುತ್ತದೆ. ಹಾಗೆ ಕಾಯುವವನನ್ನು ನಾವು ಸೊಕ್ಕಿನವನು ಎನ್ನುತ್ತೇವೆಯೇ? ಒಂದೇ ಗುಣದ ಡಬ್ಬಿ ಕಾಯಿ, ಒಂದೇ ದರ. ಸಾಲದ ಕಂತು ಕಟ್ಟಬೇಕಾದವನು ಅಂದೇ ಹೂಂ ಅನ್ನುತ್ತಾನೆ, ಕಾಯುವ ಶಕ್ತಿ ಇದ್ದವನು ಒಲ್ಲೆ ಅನ್ನುತ್ತಾನೆ. ಈ ವ್ಯತ್ಯಾಸ ಅವರ ಗುಣದ್ದಲ್ಲ, ಪರಿಸ್ಥಿತಿಯದು. ನಮ್ಮ ಬೆಳೆಗೆ ಕೇಳುವ ನ್ಯಾಯವನ್ನು ಹದಿನೆಂಟರ ಹುಡುಗನ ತೋಳಿಗೆ ನಿರಾಕರಿಸುವುದು ತಪ್ಪು.

ಕ್ರಿಕೆಟ್ಟಿನಲ್ಲೂ ಇದು ನಡೆದಿದೆ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ನಮ್ಮ ಕರ್ನಾಟಕದ ಮನೀಶ್ ಪಾಂಡೆ. 2009ರಲ್ಲಿ, ಬೆಂಗಳೂರು ತಂಡದ ಪರ. 2011ರಲ್ಲಿ ಭಾರತ ತಂಡಕ್ಕೆ ಆಡದ ಆಟಗಾರರು ಹರಾಜಿಗೆ ಬರುವಂತಿರಲಿಲ್ಲ; ತಂಡಗಳು ಅವರನ್ನು ನಿಗದಿತ ಮಿತಿಯೊಳಗಿನ ಹಣಕ್ಕೆ ನೇರವಾಗಿ ಸೇರಿಸಿಕೊಳ್ಳಬೇಕಿತ್ತು. ಮಿತಿಗಿಂತ ಹೆಚ್ಚಿನ ಹಣಕ್ಕೆ ಮಾತುಕತೆ ನಡೆಸಿದ್ದಕ್ಕಾಗಿ ಪಾಂಡೆಗೆ ನಾಲ್ಕು ಪಂದ್ಯಗಳ ನಿಷೇಧ ಬಿತ್ತು. ಅದರ ಹಿಂದಿನ ವರ್ಷ ರವೀಂದ್ರ ಜಡೇಜ ರಾಜಸ್ಥಾನ ತಂಡದ ಒಪ್ಪಂದ ನವೀಕರಿಸದೆ ಬೇರೆ ತಂಡದೊಡನೆ ಮಾತಾಡಿದ್ದಕ್ಕೆ ಇಡೀ ಋತು ಹೊರಗುಳಿದರು. ನಿಯಮ ಮುರಿದದ್ದಕ್ಕೆ ಶಿಕ್ಷೆಯಾಯಿತು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ತನ್ನ ಬೆಲೆ ತಿಳಿದ ಆಟಗಾರ ಗೆರೆ ಎಳೆದ ಮಾತ್ರಕ್ಕೆ ಸುಮ್ಮನಾಗುವುದಿಲ್ಲ ಎಂಬುದನ್ನು ಇಬ್ಬರೂ ತೋರಿಸಿದರು. ಅದನ್ನು ಸೊಕ್ಕೆಂದು ಬದಿಗೆ ತಳ್ಳಿದರೆ ಮುಂದಿನ ಜಡೇಜನನ್ನೂ ತಳ್ಳಿದಂತೆ.

ನಾಲ್ಕನೇ ಆಕ್ಷೇಪ: “ಬರಂಗಿಲ್ಲ ಅಂದವನ ಹೆಸರು ಹೊಡದು ಹಾಕು.”

ಇದು ಮೊದಲ ಆಕ್ಷೇಪದ ತಿರುವುಮುರುವು, ಅಷ್ಟೇ ಅವಸರದ್ದು. 1990ರಲ್ಲಿ ಟೆಕ್ಸಸ್‌ನ ಟಾಡ್ ವ್ಯಾನ್ ಪಾಪೆಲ್ ಕಾಲೇಜಿಗೇ ಹೋಗುವೆನೆಂದು ಸಾರಿದ್ದ. ಮೊದಲ ಸರದಿಯ ಅಟ್ಲಾಂಟಾ ಅವನನ್ನು ಬಿಟ್ಟು ಚಿಪ್ಪರ್ ಜೋನ್ಸ್‌ನನ್ನು ಆರಿಸಿತು. ಆದರೆ 14ನೇ ಸರದಿಯಲ್ಲಿ ಓಕ್ಲಂಡ್ ಕೈಹಾಕಿದಾಗ ವ್ಯಾನ್ ಪಾಪೆಲ್ ಸಹಿ ಹಾಕಿಯೇ ಬಿಟ್ಟ. ಅಂದರೆ ‘ಒಲ್ಲೆ’ ಎಂಬುದು ಕೆಲವೊಮ್ಮೆ ಚೌಕಾಸಿಯ ಮೊದಲ ಮಾತು. ಅಟ್ಲಾಂಟಾ ಕೆಟ್ಟಿತೇ? ಇಲ್ಲ, ಜೋನ್ಸ್ 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ತೂಗಿ ನೋಡಿದ ಇಬ್ಬರೂ ಸರಿಯಾಗಿಯೇ ನಡೆದುಕೊಂಡರು: ಒಬ್ಬರು ಅಪಾಯ ಒಲ್ಲೆ ಎಂದರು, ಇನ್ನೊಬ್ಬರು ತಮ್ಮ ಸರದಿಗೆ ಆ ಅಪಾಯ ತಾಳುತ್ತದೆ ಎಂದರು.

ಮೇಲಿನ ಸುತ್ತುಗಳಲ್ಲಿ ಸಹಿ ತಪ್ಪಿದರೆ ಎಲ್ಲವೂ ಮುಳುಗುವುದೂ ಇಲ್ಲ. ಮರುವರ್ಷ ಒಂದು ಪರಿಹಾರದ ಸರದಿ ಸಿಗುತ್ತದೆ. ಏಕನ್‌ನನ್ನು ಕಳೆದುಕೊಂಡ ಹ್ಯೂಸ್ಟನ್‌ಗೆ 2015ರಲ್ಲಿ ಸಿಕ್ಕ ಎರಡನೇ ಸರದಿಯಲ್ಲಿ ಬಂದವನು ಅಲೆಕ್ಸ್ ಬ್ರೆಗ್‌ಮನ್. ಆ ತಂಡ 2017 ಮತ್ತು 2022ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ ಅವನೂ ಅದರಲ್ಲಿದ್ದ. ಹನ್ನೊಂದನೇ ಸುತ್ತಿನಿಂದ ಕೆಳಗೆ ಸಹಿ ತಪ್ಪಿದರೂ ನಿಧಿ ಕರಗುವುದಿಲ್ಲ, ಹಾಗಾಗಿ ಕಷ್ಟದ ಹುಡುಗನ ಮೇಲೆ ಅಲ್ಲಿ ಧೈರ್ಯ ಮಾಡಬಹುದು. ಹೆಸರು ಹೊಡೆದು ಹಾಕುವ ಬದಲು, ಯಾವ ಸುತ್ತಿನಲ್ಲಿ ಅವನು ತಾಳಿಕೆಯಾಗುತ್ತಾನೆ ಎಂದು ಕೇಳಿ.

ಐದನೇ ಆಕ್ಷೇಪ: “ಇದು ಕಂಪ್ಯೂಟರ್ ಆಟ, ಎಲ್ಲಾ ಅದೃಷ್ಟ.”

ಆಟದೊಳಗೆ ಕಂಪ್ಯೂಟರ್ ದಾಳ ಉರುಳಿಸುತ್ತದೆ, ನಿಜ. ಆದರೆ ಯಾವ ದಾಳಕ್ಕೆ ಪಣ ಒಡ್ಡಬೇಕು ಎಂಬುದು ನಮ್ಮ ಕೈಯಲ್ಲಿದೆ. ಒಬ್ಬನ ಯೋಗ್ಯತೆ 70, ಸಹಿ ಹಾಕುವ ಸಂಭವ ಹತ್ತರಲ್ಲಿ ನಾಲ್ಕು ಎಂದಿಟ್ಟುಕೊಳ್ಳಿ. ಇನ್ನೊಬ್ಬನದು 60, ಸಂಭವ ಹತ್ತರಲ್ಲಿ ಒಂಬತ್ತು. ಗುಣಿಸಿದರೆ ಮೊದಲನೆಯವನು 28, ಎರಡನೆಯವನು 54. ಒಂದು ಡ್ರಾಫ್ಟಿನಲ್ಲಿ ಅದೃಷ್ಟ ಈ ಲೆಕ್ಕ ತಪ್ಪಿಸಬಹುದು, ವರ್ಷ ವರ್ಷವೂ ತಪ್ಪಿಸಲಾರದು.

ಅದೃಷ್ಟವೆಂದು ಹೇಳುವ ಕೆಲವರು ಹುಡುಗ ಒಪ್ಪದಿದ್ದಾಗ ಹಿಂದೆ ಉಳಿಸಿಟ್ಟ ಆಟವನ್ನು ಮತ್ತೆ ತೆರೆದು, ಅವನು ಹೂಂ ಅನ್ನುವವರೆಗೂ ಆಡುತ್ತಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಲ್ಲೆ ಎಂಬ ಉತ್ತರಕ್ಕೆ ಬೆಲೆಯೇ ಇಲ್ಲವೆಂದರೆ ಡ್ರಾಫ್ಟಿನಲ್ಲಿ ಕಲಿಯುವುದೂ ಏನಿಲ್ಲ.

ಆದ್ದರಿಂದ ಲೀಗಿನ ಗೆಳೆಯರಿಗೆ ಎರಡು ಬೇಡಿಕೆ. ಮುಂದಿನ ಡ್ರಾಫ್ಟಿಗೆ ಮೊದಲು ಪ್ರತಿ ಹುಡುಗನ ಹೆಸರಿನ ಪಕ್ಕ ಮೂರು ಸಂಗತಿ ಬರೆದಿಡೋಣ: ಅವನ ಮುಂದಿರುವ ಬೇರೆ ದಾರಿ, ಅವನು ಕೇಳುವ ಬೋನಸ್, ಅವನು ತಪ್ಪಿದರೆ ನಿಧಿಗೆ ಬೀಳುವ ಪೆಟ್ಟು. ಮತ್ತು ಆರಿಸಿದ ಮೇಲೆ ಉಳಿಸಿಟ್ಟ ಆಟಕ್ಕೆ ಹಿಂದಿರುಗುವುದನ್ನು ನಿಯಮವಾಗಿಯೇ ನಿಲ್ಲಿಸೋಣ. ಹುಡುಗನ ಉತ್ತರವನ್ನು ಗೌರವಿಸುವ ತಂಡವೇ ಆ ಉತ್ತರವನ್ನು ಮುಂಚಿತವಾಗಿ ಊಹಿಸಲು ಕಲಿಯುತ್ತದೆ.